ಕಾಗೆಯನ್ನು ಓಡಿಸಿದ ಹಮ್ಮಿಂಗ್‌ಬರ್ಡ್

ನಾನು ಚಿಕ್ಕವನಿದ್ದಾಗ ನನಗಿದ್ದದ್ದು ಒಬ್ಬನೇ ಗೆಳೆಯ. ಹೂವಿನ ರಸ ಹೀರುವ, ಹಸಿರು ಬೆನ್ನಿನ ಒಂದು ಹಮ್ಮಿಂಗ್‌ಬರ್ಡ್. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಮಹಾ ಜಗಳಗಂಟ. ನಾವು ಅಮೆರಿಕದ ಕಮ್ಮಿಂಗ್‌ನ ಹೊಸ ಮನೆಗೆ ಬಂದ ವರ್ಷವೇ ಕೊರೊನಾ ಬಂತು. ಶಾಲೆ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತು, ಅಕ್ಕ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಬೀದಿಯಲ್ಲಿ ನನ್ನ ವಯಸ್ಸಿನವರು ಇದ್ದರೋ ಇಲ್ಲವೋ, ತಿಳಿಯಲೇ ಇಲ್ಲ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು ಬೆರೆಸಿ, ಹಕ್ಕಿ ಕುಡಿಯುವ ಕೆಂಪು ಫೀಡರ್‌ಗೆ ತುಂಬಿ, ಮನೆಯ ಹಿಂದಿನ ಮರದ ಡೆಕ್ಕಿನ ಕೊಕ್ಕೆಗೆ ತೂಗುಹಾಕುವುದೇ ನನ್ನ ದೊಡ್ಡ ಕೆಲಸ. ಹಕ್ಕಿ ಬಂದರೆ ಕಿವಿಯ ಹತ್ತಿರ ಗುಂಯ್ ಎನ್ನುವ ಸದ್ದು, ಕೆನ್ನೆಗೆ ತೆಳ್ಳನೆ ಗಾಳಿ. ಬೇರೆ ಯಾವ ಹಕ್ಕಿಯನ್ನೂ ಅದು ಹತ್ತಿರ ಸೇರಿಸುತ್ತಿರಲಿಲ್ಲ. ನನಗೆ ಅದೇ ಒಂದು ಹೆಮ್ಮೆ.

ಆ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಅಪ್ಪನ ಅಪ್ಪ ತೀರಿಕೊಂಡರು. ವಿಮಾನ ಸಿಗಲಿಲ್ಲ. ಅಜ್ಜನನ್ನು ಮಣ್ಣು ಮಾಡಿದ್ದನ್ನು ಅಪ್ಪ ಫೋನಿನಲ್ಲೇ ನೋಡಿದರು. ಹನ್ನೊಂದನೆಯ ದಿನ ಅವರೇ ನಿಂತು ಅಡುಗೆ ಮಾಡಿದರು. ಅನ್ನ, ಉದ್ದಿನ ವಡೆ, ಶಾವಿಗೆ ಪಾಯಸ, ಎಲ್ಲ ಅಜ್ಜನಿಗೆ ಇಷ್ಟವಾದದ್ದು. ತಟ್ಟೆಯಲ್ಲಿ ಎಡೆ ಬಡಿಸಿ ಡೆಕ್ಕಿನ ಮೇಲಿಟ್ಟು, ಕಾಗೆ ಮುಟ್ಟಿದರೆ ಅಜ್ಜನೇ ಉಂಡ ಹಾಗೆ ಎಂದರು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ನಾವು ಗಾಜಿನ ಬಾಗಿಲ ಹಿಂದೆ ಕುಳಿತೆವು.

ಕಾಗೆ ಬಂತು. ತಟ್ಟೆಯ ಹತ್ತಿರ ಇಳಿಯುವಷ್ಟರಲ್ಲಿ ನನ್ನ ಗೆಳೆಯ ಹಕ್ಕಿ ಅದರ ತಲೆಯ ಮೇಲೆರಗಿತು. ಅಷ್ಟು ದೊಡ್ಡ ಕಾಗೆ ಎದ್ದೆನೋ ಬಿದ್ದೆನೋ ಎಂದು ಹಾರಿಹೋಯಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಕನ್ನಡಕವನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಅಪ್ಪನಿಗೆ ಬಂದು ಹೋಗುವ ಕಾಗೆ ಮಾತ್ರ ಕಾಣಿಸುತ್ತಿತ್ತು.

"ಅಪ್ಪಂಗೆ ನನ್ ಮೇಲೆ ಕೋಪ ಕಣೋ. ನಾನು ಹೋಗ್ಲಿಲ್ವಲ್ಲ," ಎಂದರು.

ಹಕ್ಕಿಯ ವಿಷಯ ಹೇಳಿದರೆ ಫೀಡರ್ ತೆಗೆಯಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೊನೆಗೆ ಅಪ್ಪನ ಮುಖ ನೋಡಲಾಗಲಿಲ್ಲ.

"ಅಜ್ಜ ಆಂಗ್ರಿ ಇಲ್ಲ ಅಪ್ಪ. ನನ್ ಬರ್ಡ್ ಕಾಗೇನ ಚೇಸ್ ಮಾಡ್ತಿದೆ."

ನಾನೇ ಹೋಗಿ ಫೀಡರ್ ಬಿಚ್ಚಿ ಒಳಗೆ ತಂದೆ. ಕೈಯೆಲ್ಲ ಅಂಟಂಟಾಯಿತು. ಹಕ್ಕಿ ಬರಿಯ ಕೊಕ್ಕೆಯ ಮುಂದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು, ಆಮೇಲೆ ಮಾಡಿನ ಆಚೆ ಹೋಯಿತು. ಕಾಗೆ ಬಂದು ಒಂದು ವಡೆ ಕಚ್ಚಿಕೊಂಡಿತು. ಅಪ್ಪ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಎಲ್ಲರೂ ಆರಿದ ಪಾಯಸ ಉಂಡೆವು.

ಸಂಜೆಯೇ ಫೀಡರ್ ಮತ್ತೆ ಕಟ್ಟಿದೆ. ಹಕ್ಕಿ ಬರಲಿಲ್ಲ. ಚಳಿಗೆ ಮುಂಚೆ ಅವು ದಕ್ಷಿಣಕ್ಕೆ ಹೋಗುತ್ತವೆ ಎಂದು ಅಕ್ಕ ಸಮಾಧಾನ ಹೇಳಿದಳು. ನನಗೆ ಮಾತ್ರ, ಅದು ಮುನಿಸಿಕೊಂಡೇ ಹೋಯಿತು ಅನ್ನಿಸಿತು. ನವೆಂಬರ್‌ವರೆಗೂ ಸಕ್ಕರೆ ನೀರು ಬದಲಾಯಿಸುತ್ತಲೇ ಇದ್ದೆ.

ನಿಮ್ಮ ಕಾಲ ಬೇರೆ, ಮೊಮ್ಮಕ್ಕಳೇ. ನೀವು ನನ್ನ ಮನೆಗೆ ಬಂದ ದಿನ ನಿಮ್ಮ ಗೆಳೆಯರೂ ಬರುತ್ತಾರೆ, ನನ್ನ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಮ್ಮ ಗಲಾಟೆಗೆ ಒಂದು ಹಕ್ಕಿಯೂ ಹತ್ತಿರ ಸುಳಿಯುವುದಿಲ್ಲ, ನಿಮಗದು ಬೇಕಾಗಿಯೂ ಇಲ್ಲ. ಹಾಗೆಯೇ ಇರಲಿ. ಭಾನುವಾರ ಸಂಜೆ ನೀವೆಲ್ಲ ಕಾರು ಹತ್ತಿ ಹೊರಟುಬಿಡುತ್ತೀರಿ. ನಾನೊಬ್ಬನೇ ಊಟದ ತಟ್ಟೆಯ ಮುಂದೆ ಕೂರುತ್ತೇನೆ. ಅಂದು ಅಪ್ಪ ಹಸಿದು ಕಾಯುತ್ತಿದ್ದದ್ದು ಕಾಗೆಗಾಗಿಯಲ್ಲ, ಜೊತೆಗೆ ಕೂತು ಉಣ್ಣಲು ಅಜ್ಜನಿಗಾಗಿ ಎಂದು ಆಗ ನನಗೆ ಚೆನ್ನಾಗಿ ತಿಳಿಯುತ್ತದೆ.