ಹಲಗೆಯ ಮೇಲಿನ ಎದುರು ಪೆಟ್ಟು

ಸಂಗೀತದ ಕುರಿತು ಬರೆಯುವ ಅರ್ಹತೆ ನನಗಿಲ್ಲ. ತಾಳ ತಪ್ಪದೆ ಚಪ್ಪಾಳೆ ತಟ್ಟಲೂ ಬಾರದವನು. ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ತಪ್ಪಾದೀತೆಂಬ ಭಯವೂ ಪದವಿಪತ್ರದ ಜೊತೆಯಲ್ಲೇ ನನಗೆ ಪ್ರದಾನವಾಗಿರಬೇಕು.

ನೈರೋಬಿಯಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ಮಿಕೆಲ್ ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯವನು. ಒಂದು ಡಿಸೆಂಬರಿನಲ್ಲಿ ತನ್ನೂರಿನ ಚಳಿಗಾಲದ ಹಬ್ಬಕ್ಕೆಂದು ಸ್ಪ್ರಿಂಗ್ ವ್ಯಾಲಿ ಬಡಾವಣೆಯ ತನ್ನ ಮನೆಗೆ ನಮ್ಮನ್ನು ಕರೆದ. ಇಲ್ಲಿ ಡಿಸೆಂಬರೆಂದರೆ ಬಿಸಿಲು. ಹಬ್ಬದ ಗೌರವಾರ್ಥ ಅವನು ಉಣ್ಣೆಯಂಗಿ ತೊಟ್ಟು ಬೆವರುತ್ತಿದ್ದ. ನಾವಿದ್ದ ಸೌತ್ ಸಿ ಬಡಾವಣೆಯಿಂದ ಕೋಟು ಧರಿಸಿಯೇ ಹೋಗಿದ್ದ ನಾನು ಬೆವರುವುದರಲ್ಲಿ ಅವನಿಗೆ ಜೊತೆಯಾದೆ.

ನನ್ನೊಂದಿಗೆ ಮಗಳು ಚಿನ್ಮಯಿ ಮತ್ತು ಮಂಡ್ಯದ ಕಡೆಯಿಂದ ಮೂರು ತಿಂಗಳಿಗೆಂದು ಬಂದಿದ್ದ ಅಮ್ಮ ಇದ್ದರು. ಅಮ್ಮನನ್ನು ಕರೆದೊಯ್ಯಲು ನನಗೆ ಅಳುಕಿತ್ತು. ನಮ್ಮದು ಕೃಷಿಕ ಮನೆತನವೆಂದು ಕಚೇರಿಯಲ್ಲಿ ಹೇಳಿಕೊಂಡಿದ್ದೆ. ವಾಸ್ತವದಲ್ಲಿ ನಮಗೆ ಗೇಣು ನೆಲವೂ ಇರಲಿಲ್ಲ. ಅಮ್ಮ ಬಾಯಿ ತೆರೆದಾಗಲೆಲ್ಲ ನಾನು ತಿದ್ದುತ್ತಿದ್ದೆ. ಅವಳು ಮಾತು ಕಡಿಮೆ ಮಾಡಿ, ಬೇಗ ಊರಿಗೆ ಕಳಿಸೆಂದು ಕೇಳತೊಡಗಿದ್ದಳು.

ಮಿಕೆಲ್ ಮುಸುಕಿನ ಜೋಳದ ರೊಟ್ಟಿಯಲ್ಲಿ ಚೀಸ್ ಸುತ್ತಿ ಕೊಟ್ಟ. ಅದೇ ಹಿಟ್ಟನ್ನು ಕೀನ್ಯದವರು ಮುದ್ದೆಯಂಥ ಉಗಾಲಿ ಮಾಡಿ ಉಣ್ಣುತ್ತಾರೆ. ಮುದ್ದೆಯ ಸೀಮೆಯವನಾದ ನನಗೆ ಅಂದು ರೊಟ್ಟಿಯೇ ಹೆಚ್ಚು ಸಭ್ಯವೆನಿಸಿದ್ದನ್ನು ಒಪ್ಪಿಕೊಳ್ಳಬೇಕು.

ಆಮೇಲೆ ಅಂಗಳದಲ್ಲಿ ವಾದ್ಯ ಸಿದ್ಧವಾಯಿತು: ಎರಡು ಬುಟ್ಟಿಗಳ ಮೇಲೆ ಉದ್ದನೆಯ ಹಲಗೆ. ಹೆಸರು ಚಾಲಪಾರ್ತ. ಮದ್ಯ ತಯಾರಿಸಲು ಸೇಬು ಜಜ್ಜುವ ಕೆಲಸದಿಂದ ಹುಟ್ಟಿದ್ದೆಂದು ಹೇಳುತ್ತಾರಂತೆ. ಇಬ್ಬರು ನಿಂತು ಮೋಟು ಕೋಲುಗಳನ್ನು ನೆಟ್ಟಗೆ ಹಿಡಿದು ಕುಟ್ಟಬೇಕು. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಪೆಟ್ಟು ಬೀಳಬೇಕು. ಮಿಕೆಲನೆದುರು ನಿಂತ ಅತಿಥಿಗಳೆಲ್ಲ ಎಡವಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ತಡೆಯುವಷ್ಟರಲ್ಲಿ ಕೋಲುಗಳು ಅವಳ ಕೈಯಲ್ಲಿದ್ದವು. ಒಂದು ಪೆಟ್ಟೂ ತಪ್ಪಲಿಲ್ಲ.

ಎಲ್ಲಿ ಕಲಿತಿರೆಂದು ಮಿಕೆಲ್ ಕೇಳಿದ.

“ಸಾವ್ಕಾರ್ರ ಮನೇಲಿ ಕೂಲಿಗೆ ಅವಲಕ್ಕಿ ಕುಟ್ತಿದ್ದೆ ಅಂತ ಹೇಳಪ್ಪ. ಒಂದೇ ಒರಳು, ಎರಡು ಒನಕೆ. ಎದ್ರುಗಡೆಯೋಳ ಕೈ ನೋಡ್ಬಾರ್ದು, ಉಸುರು ಕೇಳ್ಬೇಕು.”

ಇದು ನಮ್ಮ ಕುಟುಂಬದ ಪ್ರಾಚೀನ ಜಾನಪದ ಕಲೆಯೆಂದು ನಾನು ವ್ಯಾಕರಣಶುದ್ಧವಾದ ಇಂಗ್ಲಿಷಿನಲ್ಲಿ ಅನುವಾದಿಸಿದೆ.

“ಅಪ್ಪ, ದಟ್ಸ್ ನಾಟ್ ವಾಟ್ ಅಜ್ಜಿ ಸೆಡ್,” ಎಂದಳು ಚಿನ್ಮಯಿ. ಬಳಿಕ ಕೂಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ನಾನು ಕೋಟಿನ ಗುಂಡಿಗಳನ್ನು ನೋಡುತ್ತ ನಿಂತೆ. ಮಿಕೆಲನಿಗೆ ಕೂಲಿಯ ವಿಷಯ ವಿಶೇಷವೆನಿಸಲಿಲ್ಲ; ಉಸಿರಿನ ವಿಷಯವನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡು ಕೋಲು ಹಿಡಿದ. ಅಮ್ಮ ಅವನನ್ನು ತಿದ್ದುತ್ತ ನಕ್ಕಳು. ಆ ನಗುವನ್ನು ನಾನು ನೈರೋಬಿಯಲ್ಲಿ ಮೊದಲ ಬಾರಿ ಕೇಳಿದೆ.

ಅನಂತರ ನಮ್ಮ ಮನೆಯಲ್ಲಾದ ಬದಲಾವಣೆ ಇಷ್ಟು. ಅಮ್ಮ ಮೂರು ತಿಂಗಳೂ ಉಳಿದಳು. ಅವಳ ಮಾತನ್ನು ಅನುವಾದಿಸುವ ಕೆಲಸ ಚಿನ್ಮಯಿಯದಾಯಿತು. ನನ್ನ ತಾಯಿ ಕೂಲಿಗೆ ಅವಲಕ್ಕಿ ಕುಟ್ಟಿದವಳೆಂದು ಕಚೇರಿಯಲ್ಲಿ ನಾನೇ ಹೇಳಿದೆ. ಯಾರೂ ಬೆರಗಾಗಲಿಲ್ಲ; ಇಷ್ಟು ವರ್ಷ ಜೋಪಾನ ಮಾಡಿದ ಗುಟ್ಟಿಗೆ ಅಷ್ಟೇ ಬೆಲೆಯೇ ಎಂದು ತುಸು ನಿರಾಶೆಯೂ ಆಯಿತು.