ಚೀಲ ಕೆಳಗಿಳಿಸಿದ ಕೈ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವಗಿವ್ವ ಅಂದರೆ ನಗುವವನು ನಾನು. ಆದರೂ ಕಳೆದ ವರ್ಷ ರಾಯದುರ್ಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಡೆದದ್ದನ್ನು ನನ್ನ ಮೈ ಇನ್ನೂ ಮರೆತಿಲ್ಲ.

ಪ್ರಾಸ್ಟೇಟ್ ಆಪರೇಷನ್ ಆಗಿತ್ತು. ಮೂತ್ರಕ್ಕೆ ನಳಿಕೆ ಹಾಕಿ, ಅದರ ಚೀಲವನ್ನು ಮಂಚದ ಕೆಳಗಿನ ಕಂಬಿಗೆ ತೂಗುಹಾಕಿದ್ದರು. ನಳಿಕೆ ಇರುವಷ್ಟು ದಿನ ಮೂತ್ರ ಬಂದ ಹಾಗೆ ಅನ್ನಿಸುತ್ತಲೇ ಇರುತ್ತದೆ, ತಿಣುಕಬೇಡಿ, ತಡೆಯಲಾಗದಿದ್ದರೆ ಕರೆಯಿರಿ ಎಂದು ನರ್ಸಮ್ಮ ಹೇಳಿದ್ದರು.

ಸಂಜೆ ಗುಮ್ಮಘಟ್ಟದಿಂದ ಬೀಗರು ನೋಡಲು ಬಂದರು. ಬೀಗರ ಕಣ್ಣೆದುರು ಗಂಡನ ಉಚ್ಚೆ ಚೀಲ ತೂಗಾಡುವುದೇ? ನನ್ನ ಹೆಂಡತಿ ಗೌರಮ್ಮ ಅದನ್ನೆತ್ತಿ ನನ್ನ ಪಕ್ಕದಲ್ಲಿಟ್ಟು ಕಂಬಳಿ ಹೊದಿಸಿದಳು. ಮಾನ ಉಳಿಯಿತು. ಬೀಗರು ಹೋದ ಮೇಲೆ ಚೀಲವನ್ನು ಕೆಳಗಿಳಿಸಲು ಇಬ್ಬರೂ ಮರೆತೆವು.

ದೀಪ ಆರಿಸಿದ ಮೇಲೆ ಶುರುವಾಯಿತು... ಕಿಬ್ಬೊಟ್ಟೆ ಕಲ್ಲಿನಂತಾಯಿತು. ಬಿಟ್ಟುಬಿಟ್ಟು ಹಿಂಡುವ ನೋವು. ತಿಣುಕಿದಷ್ಟೂ ಹೆಚ್ಚಾಯಿತು. ಕೂಗಲು ದನಿ ಏಳಲಿಲ್ಲ. ಕೆಳಗೆ ಹೆಂಡತಿ ಗೊರಕೆ ಹೊಡೆಯುತ್ತಿದ್ದಳು, ಅವಳ ಮೇಲೂ ಸಿಟ್ಟು ಬಂತು. ಈ ಹಾಳು ನಳಿಕೆ ಕಿತ್ತೆಸೆದರೆ ಸಾಕು ಅನ್ನಿಸಿ, ಅದನ್ನು ಕೈಗೆ ಸುತ್ತಿಕೊಂಡೆ.

ಯಾರೋ ನನ್ನ ಮಣಿಕಟ್ಟು ಹಿಡಿದರು.

ಒದ್ದೆ ಉಣ್ಣೆಯ ವಾಸನೆ... ಕುರಿರೊಪ್ಪದಲ್ಲಿ ಬರುವಂಥದ್ದು. ನಮ್ಮ ಕಂಬಳಿಯಂತೂ ಒಣಗಿತ್ತು. ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕ ಬಗ್ಗಿ ನಿಂತಿದ್ದ. ಮುಖ ಕಾಣಲಿಲ್ಲ.

"ಜಗ್ಗಬ್ಯಾಡ್ರಿ," ಎಂದ ಮೆಲ್ಲಗೆ. "ನಾ ಜಗ್ಗಿಕೊಂಡಿದ್ದೆ."

ಭಯಕ್ಕೆ ಬೆರಳು ತಾವೇ ಸಡಿಲವಾದವು. ಅವನು ನನ್ನ ತೊಡೆಯಡಿ ಸಿಕ್ಕಿಕೊಂಡಿದ್ದ ನಳಿಕೆಯನ್ನು ನೆಟ್ಟಗೆ ಮಾಡಿದ, ಚೀಲವನ್ನು ಕೆಳಗಿನ ಕಂಬಿಗೆ ಸಿಕ್ಕಿಸಿದ. ಬಾಯಿಂದ ಉಸಿರು ಬಿಡಲು ಹೇಳಿದ. ಕತ್ತಲಲ್ಲಿ ಚೀಲಕ್ಕೆ ಸಣ್ಣಗೆ ಇಳಿಯುವ ಸದ್ದು ಕೇಳಿಸಿತು... ಹೊಟ್ಟೆ ಹಗುರಾಗುತ್ತ ಬಂತು. ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಬೆಳಿಗ್ಗೆ ಕೋಣೆಯ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು. ಚೀಲ ಮುಟ್ಟಿಲ್ಲವೆಂದು ಗೌರಮ್ಮ ಮಕ್ಕಳ ಮೇಲೆ ಆಣೆ ಮಾಡಿದಳು. ನರ್ಸಮ್ಮ ಬಂದಾಗ ಎಲ್ಲ ಹೇಳಿದೆ. ಕಂಬಳಿ ಕೊಪ್ಪೆಯ ಮುದುಕ ಎಂದೊಡನೆ ಚೀಲ ಖಾಲಿ ಮಾಡುತ್ತಿದ್ದ ಅವರ ಕೈ ನಿಂತಿತು.

"ಕೈ ತಣ್ಣಗಿತ್ತೇನ್ರಿ?"

"ಇಲ್ಲವ್ವ... ಬೆಚ್ಚಗಿತ್ತು."

ಅವರು ಚೀಲವನ್ನು ಮತ್ತೆ ಕೆಳಗಿನ ಕಂಬಿಗೆ ಸಿಕ್ಕಿಸಿ ಬೇಗಬೇಗ ಹೊರಟುಹೋದರು.

ನಳಿಕೆ ತೆಗೆಸಿಕೊಂಡು ಮನೆಗೆ ಬಂದೆ. ನೋವು ಮರೆತೇಹೋಗಿದೆ. ಆ ಕೈ ತಣ್ಣಗಿದ್ದಿದ್ದರೆ ಏನೋ ಕನಸು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಬಿಸಿ ಇನ್ನೂ ಮಣಿಕಟ್ಟಿನಲ್ಲಿದೆ. ರಾತ್ರಿ ಉಚ್ಚೆಗೆ ಏಳಬೇಕಾದರೆ ಈಗಲೂ ಮೊದಲು ಗೌರಮ್ಮನನ್ನು ಎಬ್ಬಿಸುತ್ತೇನೆ.