ಹರಳೆಣ್ಣೆ ಸೀಸೆಯ ಬಿರಡೆ

ಹೋದ ವಾರ ಹರಳೆಣ್ಣೆ ಸೀಸೆಯ ಬಿರಡೆ ಪುಡಿಯಾಗಿ ಎಣ್ಣೆಯೊಳಕ್ಕೆ ಬಿತ್ತು. ಮೊಮ್ಮಗಳು ನನ್ನ ಮಂಡಿಗೆ ಎಣ್ಣೆ ಹಚ್ಚಲು ಕೂತಿದ್ದಳು. "ಅಜ್ಜಿ, ಈ ಬೆಂಡು ಹಳೇದಾಯ್ತು, ಬಿಸಾಕ್ತೀನಿ. ಯಾವ್ದಾದ್ರೂ ಪ್ಲಾಸ್ಟಿಕ್ ಮುಚ್ಚಳ ಹಾಕೋಣ" ಅಂದಳು. ಬೇಡ ಅಂದೆ. ಎಣ್ಣೆಯನ್ನು ಟೀ ಜಾಲರಿಯಲ್ಲಿ ಸೋಸಿ, ಚೂರುಗಳನ್ನು ಒಂದು ಕಾಗದದ ಮೇಲೆ ಹರಡಿದೆ. ಹರಳೆಣ್ಣೆಯ ಕಮಟು ವಾಸನೆಯ ಕೆಳಗೆ ಇನ್ನೊಂದು ವಾಸನೆ ಇದ್ದಂತೆ ಅನ್ನಿಸಿತು. ಹಿತ್ತಾಳೆ ಪಾಲಿಶು, ಈಚಲು ಚಾಪೆ, ಒದ್ದೆ ಕೊಡೆ...

"ಏನಜ್ಜಿ, ಚಿನ್ನ ಸೋಸ್ದಂಗೆ ಸೋಸ್ತಿದೀಯ?" ಅಂತ ಹುಡುಗಿ ನಕ್ಕಳು.

ಅದು ಬಿರಡೆ ಆಗಿದ್ದು ಆಮೇಲೆ. ಮೊದಲು ಅದು ಒಬ್ಬ ಮನುಷ್ಯನ ಕೈಯಲ್ಲಿದ್ದ ಕಡ್ಡಿಯ ಹಿಡಿ. ಕಡ್ಡಿ ಇವತ್ತಿಗೂ ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ. ಅದನ್ನು ಕದ್ದವಳು ನಾನು.

ಆಗ ನಾವು ಚಾಮರಾಜಪೇಟೆಯ ಒಂದು ಮದುವೆ ಛತ್ರದ ಹಿಂದುಗಡೆ ಎರಡು ಕೋಣೆಯಲ್ಲಿದ್ದೆವು. ನಮ್ಮ ಯಜಮಾನರು ಕಲಾಸಿಪಾಳ್ಯದ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ನಾನು ಛತ್ರದ ಬೀಗದ ಕೈ ನೋಡಿಕೊಳ್ಳುತ್ತಿದ್ದೆ. ಕಸ ಗುಡಿಸುವುದು, ಪಾತ್ರೆ ಎಣಿಸಿ ಕೊಡುವುದು, ಚಾಪೆ ಸುತ್ತಿಡುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ದೊಡ್ಡ ಅಧಿಕಾರವಾಗಿತ್ತು. ಬೀಗದ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಆ ಮನುಷ್ಯ ಮೊದಲು ಬಂದಾಗ ಕೇಳಿದ್ದು ಒಂದು ಕನ್ನಡಿಯನ್ನು. ಹೆಣ್ಣಿನ ಕಡೆಯವರ ಕೋಣೆಯಲ್ಲಿ ಆಳೆತ್ತರದ ನಿಲುವುಗನ್ನಡಿ ಇತ್ತು. ಮದುವೆ ಇಲ್ಲದ ದಿನ ಬೆಳಗ್ಗೆ ಒಂದು ಗಂಟೆ ಅದರ ಮುಂದೆ ನಿಂತುಕೊಳ್ಳಲು ಬಿಡಿ ಅಂದರು. ವಯಸ್ಸು ಮೂವತ್ತೈದರ ಆಸುಪಾಸು, ತೆಳ್ಳಗಿದ್ದರು, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರ್ಟು. ಬಸವನಗುಡಿಯಲ್ಲಿ ಒಂದು ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಯಜಮಾನರಿಗೆ ಅವರ ಪರಿಚಯ ಇತ್ತು, ಬಿಟ್ಟೆ.

ಬಾಗಿಲ ಸಂದಿಯಿಂದ ನೋಡಿದರೆ ಕನ್ನಡಿ ಮುಂದೆ ನಿಂತು ಒಂದು ಬಿಳಿ ಕಡ್ಡಿ ಹಿಡಿದು ಕೈ ಆಡಿಸುತ್ತಿದ್ದರು. ಸದ್ದಿಲ್ಲ, ಹಾಡಿಲ್ಲ. ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ಕಂಠದವರೆಗೆ ನೀರು ತುಂಬಿದ ನಮ್ಮ ಮನೆಯ ಸ್ಟೀಲ್ ಲೋಟ. ನನಗೆ ತಲೆ ಕೆಟ್ಟವರ ಹಾಗೆ ಕಂಡರು.

"ಅಕ್ಕಾ, ಬಲಗೈ ಮಾಡಿದ್ದನ್ನೇ ಎಡಗೈಯೂ ಮಾಡಕ್ಕೆ ಹೋಗುತ್ತೆ. ಹಂಗೆ ಮಾಡ್ಬಾರ್ದು" ಅಂತ ತಾವೇ ವಿವರಿಸಿದರು. "ಬಲಗೈ ತಾಳ ಹೇಳ್ಬೇಕು, ಎಡಗೈ ಮೆಲ್ಲಗೆ, ಜೋರು ಅಂತ ಹೇಳ್ಬೇಕು. ನೀರು ಚೆಲ್ಲಿದ್ರೆ ಪಾಠ ಬಂದಿಲ್ಲ ಅಂತ ಅರ್ಥ."

ಅವರ ಕಥೆ ಚೂರುಚೂರಾಗಿ ತಿಳಿಯಿತು. ಚಿಕ್ಕಂದಿನಲ್ಲಿ ಯಾವುದೋ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಆಮೇಲೆ ಕಂಟೋನ್ಮೆಂಟಿನಲ್ಲಿದ್ದ ಒಬ್ಬ ವಯಸ್ಸಾದ ಬ್ಯಾಂಡ್ ಮಾಸ್ಟರರ ಹತ್ತಿರ ಶಿಷ್ಯರಾದರು. ಇಪ್ಪತ್ತು ಮೂವತ್ತು ವಾದ್ಯಗಳ ಮುಂದೆ ನಿಂತು ಎಲ್ಲರನ್ನೂ ಒಟ್ಟಿಗೆ ನಡೆಸುವ ವಿದ್ಯೆ ಅದು. ಆ ಮುದುಕ ಮೂರು ವರ್ಷ ಕಡ್ಡಿ ಮುಟ್ಟಲು ಬಿಡಲಿಲ್ಲವಂತೆ. ಕುರ್ಚಿ ಹಾಕಿಸಿದರು, ಪುಸ್ತಕ ಹೊರಿಸಿದರು, ಒಂದೊಂದು ವಾದ್ಯದ ಪಾಠವನ್ನೂ ಬೇರೆ ಬೇರೆ ಹಾಳೆಗೆ ಕೈಯಲ್ಲಿ ಬರೆಸಿದರು. ಬರೆದೂ ಬರೆದೂ ಅಷ್ಟೂ ವಾದ್ಯ ತಲೆಯೊಳಗೆ ಒಟ್ಟಿಗೆ ಕೇಳಿಸತೊಡಗಿದ ಮೇಲೆ ತಮ್ಮ ಸ್ವಂತ ಕಡ್ಡಿಯನ್ನೇ ಕೊಟ್ಟು, ಒಂದು ವರ್ಷದೊಳಗೆ ತೀರಿಕೊಂಡರು. ಬೆಂಡಿನ ಹಿಡಿಯ ಆ ಬಿಳಿ ಕಡ್ಡಿ ಅದೇ. ಬ್ಯಾಂಡಿನವರೆಲ್ಲ ಇವರನ್ನು ಕಡ್ಡಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ಅವರ ಕಷ್ಟ ಬೇರೆ ಯಾರಿಗೂ ಇರದ ಕಷ್ಟ. ಪಿಟೀಲಿನವನು ಮೂಲೆಯಲ್ಲಿ ಕೂತು ಪಿಟೀಲು ಬಾರಿಸಿ ಕಲಿಯಬಹುದು. ಇವರಿಗೆ ಕಲಿಯಲು ಜನ ಬೇಕು. ಮದುವೆ ಬ್ಯಾಂಡಿನವರಿಗೆ ವರ್ಷವೆಲ್ಲ ಪುರುಸೊತ್ತಿಲ್ಲ, ಛತ್ರವೂ ಖಾಲಿ ಇರುವುದಿಲ್ಲ. ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ಮದುವೆ ಇಲ್ಲದ ಆಷಾಢದಲ್ಲಿ ಮಾತ್ರ. ಹಾಗಾಗಿ ಹನ್ನೊಂದು ತಿಂಗಳು ಕನ್ನಡಿ ಮುಂದೆ, ಒಂದು ತಿಂಗಳು ಜನರ ಮುಂದೆ. ವರ್ಷಕ್ಕೆ ನಾಲ್ಕು ಭಾನುವಾರ. ಕಲಾಸಿಪಾಳ್ಯದಿಂದ ಬ್ಯಾಂಡಿನವರು ಹತ್ತು ಜನ, ಕಂಟೋನ್ಮೆಂಟಿನ ಚರ್ಚಿನಲ್ಲಿ ಪಿಟೀಲು ನುಡಿಸುವ ನಾಲ್ವರು. ನಮ್ಮವರಿಗೆ ಇಂಗ್ಲಿಷ್ ಸ್ವರದ ಹಾಳೆ ಓದಲು ಬರುತ್ತಿರಲಿಲ್ಲ. ಅವರಿಗೆ ಮೇಷ್ಟ್ರು ಸರಿಗಮವನ್ನು ಕನ್ನಡದಲ್ಲೇ ಬರೆದು ತರುತ್ತಿದ್ದರು, ಮುತ್ತಿನಂಥ ಅಕ್ಷರ.

ಮೊದಲನೇ ಆಷಾಢದಲ್ಲಿ ನಾನು ನೇರವಾಗಿಯೇ ಕೇಳಿದೆ. "ಎಲ್ಲಾರೂ ಊದ್ತಾರೆ, ಉಜ್ತಾರೆ, ಬಡೀತಾರೆ. ನೀವೇನೂ ಮಾಡಲ್ವಲ್ಲ ಮೇಷ್ಟ್ರೇ?"

ಡೋಲಿನವನು, "ಅವ್ರು ಕಂಡಕ್ಟರ್ರು, ಟಿಕೆಟ್ ಹರ್ಕೊಡ್ತಾರೆ ಅತ್ತಿಗೆ" ಅಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

"ಇಲ್ಲಿ ನನ್ನ ಪಕ್ಕ ಬಂದು ನಿಂತ್ಕೊಳಿ ಅಕ್ಕಾ. ನನ್ನ ನೋಡ್ಬೇಡಿ, ಅವ್ರನ್ನ ನೋಡಿ" ಅಂದರು.

ಪೊರಕೆ ಹಿಡಿದುಕೊಂಡೇ ಹೋಗಿ ನಿಂತೆ. ಅವರು ಕಡ್ಡಿ ಎತ್ತಿದರು. ಹದಿನಾಲ್ಕು ಜನ ಒಟ್ಟಿಗೆ ಉಸಿರು ಎಳೆದುಕೊಂಡರು. ಊದುವವರಷ್ಟೇ ಅಲ್ಲ, ಪಿಟೀಲಿನವರೂ, ಡೋಲಿನವನೂ. ಹದಿನಾಲ್ಕು ಎದೆ ಒಂದೇ ಸಲ ಮೇಲೆದ್ದಿದ್ದನ್ನು ನನ್ನ ಕಣ್ಣಾರೆ ಕಂಡೆ. ನಾನೂ ಉಸಿರು ಎಳೆದುಕೊಂಡಿದ್ದೆ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಆಮೇಲೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಅಂತ ನಾನು ಹೇಳಿಕೊಳ್ಳಬಾರದು. ನನಗೆ ಅವತ್ತೇ ತಿಳಿದಿತ್ತು.

ಮೂರನೇ ಆಷಾಢ ಬಂತು. ಬೊಂಬಾಯಿಯಲ್ಲಿ ಇಂಥದ್ದೇ ದೊಡ್ಡ ವಾದ್ಯಮೇಳ ನಡೆಸುವ ಹಿರಿಯರೊಬ್ಬರು ಕೊನೆಯ ಭಾನುವಾರ ಬಂದು ಇವರ ಕೆಲಸ ನೋಡುತ್ತೇನೆ ಅಂದಿದ್ದರು. ಹಿಡಿಸಿದರೆ ಕರೆದುಕೊಂಡು ಹೋಗಿ ಜೊತೆಯಲ್ಲಿಟ್ಟುಕೊಂಡು ಕಲಿಸುತ್ತಾರೆ. ಇವರ ವಯಸ್ಸಿಗೆ ಅದೇ ಕೊನೆಯ ಅವಕಾಶ ಅಂತ ಯಜಮಾನರು ಹೇಳಿದರು. ಯಜಮಾನರಿಗೂ ಹುರುಪು. ಭಾನುವಾರದ ಷರ್ಟನ್ನು ಶನಿವಾರವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ನನ್ನ ತಂಗಿಯ ಮದುವೆಗೂ ಅಷ್ಟು ನೀಟಾಗಿ ಬಂದಿರಲಿಲ್ಲ. ನನಗೆ ಅದೂ ಒಳಗೊಳಗೇ ಉರಿ.

ಅದರ ಹಿಂದಿನ ಭಾನುವಾರ ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಬೆರಳೆತ್ತಿ ಎಲ್ಲರನ್ನೂ ನಿಲ್ಲಿಸಿದರು. "ಅಣ್ಣಾ, ನೀವು ಒಂಚೂರು ಮುಂಚೆ ಬಂದ್ಬಿಟ್ರಿ. ಇನ್ನೊಂದ್ಸಲ" ಅಂತ ಯಜಮಾನರಿಗೆ ಹೇಳಿದರು. ಮತ್ತೆ ಊದಿದರು, ಮತ್ತೆ ನಿಲ್ಲಿಸಿದರು. ಹಾಗೆ ಏಳು ಸಲ. ಐದನೆಯದಕ್ಕೆ ಹಿಂದಿನಿಂದ ಯಾರೋ ಕಿಸಕ್ಕಂದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಹದಿನೆಂಟು ವರ್ಷ ಊದಿದ ಮನುಷ್ಯನನ್ನು ಅಲ್ಲಿ ನಿಂತು ಒಂದು ಸ್ವರವನ್ನೂ ಊದದವನು ನನ್ನ ಎದುರಿಗೆ ಶಾಲೆ ಹುಡುಗನ ಹಾಗೆ ಮಾಡಿದ ಅಂತ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಕೇಳಿದೆ. "ನಿಮಗೆ ಮಾನ ಮರ್ಯಾದೆ ಇಲ್ವಾ?"

"ಸುಮ್ನಿರೇ. ಅವ್ರು ಹೇಳಿದ್ದು ಸರಿ ಇತ್ತು. ಏಳನೇ ಸಲ ಹೆಂಗೆ ಬಂತು, ಕೇಳಿಸ್ಲಿಲ್ವಾ ನಿಂಗೆ?"

ಕೇಳಿಸಿತ್ತು. ಏಳನೆಯ ಸಲ ಬಂದಂಥ ನಾದವನ್ನು ಆ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ. ಕೇಳಿಸಲಿಲ್ಲ ಅಂತ ಹೇಳಿದೆ.

ಬೊಂಬಾಯಿಯವರು ಬರಬೇಕಿದ್ದ ಭಾನುವಾರ ಬೆಳಗಿನಿಂದ ಸೋನೆ ಹಿಡಿದಿತ್ತು. ಕರೆಂಟ್ ಹೋಗಿತ್ತು. ಛತ್ರದ ಒಳಗೆ ಕತ್ತಲು ಕತ್ತಲು. ಎಂಟು ಗಂಟೆಗೇ ಮೇಷ್ಟ್ರು ಬಂದು ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ ತಾವೇ ಜೋಡಿಸಿದರು. ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನು ಉಗ್ರಾಣದ ಕಿಟಕಿಯ ಮೇಲಿಟ್ಟು ಮುಖ ತೊಳೆಯಲು ನಲ್ಲಿಗೆ ಹೋದರು.

ನಾನು ಕಡ್ಡಿ ತೆಗೆದುಕೊಂಡೆ. ಯೋಚನೆಯನ್ನೇನೂ ಮಾಡಲಿಲ್ಲ. ಅದು ಇಲ್ಲದೆ ಏನು ಮಾಡ್ತಾನೋ ನೋಡೋಣ ಅನ್ನಿಸಿತು, ಅಷ್ಟೇ. ಸುತ್ತಿಟ್ಟ ಚಾಪೆಯೊಂದರ ನಡುವೆ ತೂರಿಸಿ, ಬಟ್ಟೆಯನ್ನು ಹಾಗೇ ಕಿಟಕಿಯ ಮೇಲೆ ಬಿಟ್ಟೆ.

ಬಂದವರು ಬಟ್ಟೆ ಬಿಚ್ಚಿ ನೋಡಿದರು, ಕೊಡವಿದರು. ಹುಡುಕಾಟ ಶುರುವಾಯಿತು. ಯಜಮಾನರು ಅಡಿಗೆಮನೆಯಲ್ಲಿ, ಡೋಲಿನವನು ಊಟದ ಹಾಲಿನಲ್ಲಿ. ಚಾಪೆಗಳ ರಾಶಿಯ ಹತ್ತಿರ ಮೇಷ್ಟ್ರು ಬಂದಾಗ, "ಅಲ್ಲಿ ನಾನು ನೋಡ್ತೀನಿ, ನೀವು ಷರ್ಟ್ ಕೊಳೆ ಮಾಡ್ಕೋಬೇಡಿ" ಅಂದೆ. ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಬೇರೆ ಕಡ್ಡಿಗಳು ಬಸವನಗುಡಿಯ ರೂಮಿನಲ್ಲಿದ್ದವು. ಹೋಗಿ ಬರಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಬೊಂಬಾಯಿಯವರು ಕೊಡೆ ಮಡಿಸುತ್ತ ಒಳಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತರು.

ಮೇಷ್ಟ್ರು ಬರಿಗೈಯಲ್ಲಿ ಎಲ್ಲರ ಮುಂದೆ ನಿಂತರು. ಬೆವರಿದ್ದರು. ಆದರೂ ನಿಂತ ನಿಲುವು ಗಟ್ಟಿಯಾಗಿತ್ತು. ಬರಿಗೈಯಲ್ಲೇ ನಡೆಸಿಬಿಡುತ್ತಿದ್ದರೋ ಏನೋ. ನಾನು ಬಿಡಲಿಲ್ಲ. ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಎಳೆದು, ಅಷ್ಟೂ ಜನರ ನಡುವೆ ನಡೆದು ಹೋಗಿ ಅವರ ಮುಂದೆ ಹಿಡಿದೆ.

"ತಗೊಳಿ ಮೇಷ್ಟ್ರೇ. ಕಡ್ಡಿ ತಾನೇ ಬೇಕಾಗಿರೋದು?"

ಅವರು ನನ್ನ ಮುಖ ನೋಡಿದರು. "ಥ್ಯಾಂಕ್ಸ್ ಅಕ್ಕಾ" ಅಂತ ಎರಡು ಕೈಯಲ್ಲಿ ಇಸಿದುಕೊಂಡರು.

ಎತ್ತಿದರು. ಪೊರಕೆ ಕಡ್ಡಿ ತುದಿಯಲ್ಲಿ ಬಳುಕಿತು. ಡೋಲಿನವನಿಗೆ ಮೊದಲು ನಗು ಬಂತು, ಪಕ್ಕದವನಿಗೆ ಹತ್ತಿತು, ಹಿಂದಿನ ಸಾಲಿಗೆಲ್ಲ ಹರಡಿತು. ಅವರು ಕೆಟ್ಟವರಲ್ಲ, ಹೆದರಿಕೆಯಲ್ಲಿ ಬರುವ ನಗು ಅದು. ನಗುವ ತುಟಿಯಲ್ಲಿ ಟ್ರಂಪೆಟ್ ಊದಲು ಆಗುವುದಿಲ್ಲ. ಅವತ್ತು ನುಡಿಸಬೇಕಿದ್ದ ಪಾಠ ಶುರುವಾಗುವುದೇ ಟ್ರಂಪೆಟ್ಟಿನ ಒಂದು ಸಣ್ಣ ಉದ್ದನೆಯ ನಾದದಿಂದ. ಯಜಮಾನರು ನಗುತ್ತಿರಲಿಲ್ಲ. ಆದರೆ ಆ ಕತ್ತಲಲ್ಲಿ ಅವರಿಗೆ ಯಾವಾಗಲೂ ಕಾಣುತ್ತಿದ್ದುದು ಬಿಳಿ ತುದಿ. ಅದಿರಲಿಲ್ಲ. ಊದಿದ್ದು ಒಡೆದುಹೋಯಿತು. ಪಿಟೀಲಿನವರು ಒಂದು ಕಡೆ, ಊದುವವರು ಒಂದು ಕಡೆ. ಮೇಷ್ಟ್ರು ನಿಲ್ಲಿಸಿ ಮತ್ತೆ ಎತ್ತಿದರು. ಮತ್ತೆ...

ಬೊಂಬಾಯಿಯವರು ಕೊನೆಯವರೆಗೂ ಕೂತಿದ್ದರು. ಕಾಫಿ ನಾನೇ ಕೊಟ್ಟೆ. ಮೇಷ್ಟ್ರ ಭುಜ ತಟ್ಟಿ ಇಂಗ್ಲಿಷಿನಲ್ಲಿ ಏನೋ ಹೇಳಿ, ಕೊಡೆ ಬಿಚ್ಚಿಕೊಂಡು ಹೋದರು.

ಯಾರಾದರೂ ಕೂಗಾಡುತ್ತಾರೆ ಅಂತ ಕಾದೆ. ಮೇಷ್ಟ್ರು ಸರಿಗಮದ ಹಾಳೆಗಳನ್ನು ಒಟ್ಟು ಮಾಡಿದರು. "ಕಡ್ಡಿ ಇಲ್ದೆ ನಡ್ಸಕ್ಕೆ ಬರ್ಬೇಕಿತ್ತಣ್ಣಾ. ನನ್ನ ವಿದ್ಯೆ ಸಾಲ್ದು" ಅಂತ ಯಜಮಾನರಿಗೆ ಹೇಳಿದರು. ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿಯೇ ಹೋದರು.

ಚಾಪೆಯೊಳಗಿನ ಕಡ್ಡಿಯನ್ನು ಅವತ್ತೇ ಕೊಟ್ಟುಬಿಡಬಹುದಿತ್ತು. ಚಾಪೆ ಬಿಡಿಸಿದಾಗ ಸಿಕ್ಕಿತು ಅಂತ ಮಾರನೇ ದಿನವಾದರೂ ಹೇಳಬಹುದಿತ್ತು. ಸಿಕ್ಕಿಬೀಳುವ ಭಯಕ್ಕೆ ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ದಿನ ಕಳೆದಷ್ಟೂ ಕೊಡುವುದು ಕಷ್ಟವಾಯಿತು.

ಮುಂದಿನ ಆಷಾಢದ ಮೊದಲ ಭಾನುವಾರ ಬ್ಯಾಂಡಿನವರು ಯಾರೂ ಕರೆಯದೇ ಬಂದರು. ತಾವೇ ಅರ್ಧಚಂದ್ರದ ಹಾಗೆ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಬರಲಿಲ್ಲ. ಒಂದು ಗಂಟೆ ಕಾದು ಎದ್ದು ಹೋದರು. ಯಜಮಾನರು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು, ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು.

ಆಮೇಲೆ ಒಂದು ಸಲ ಬಿನ್ನಿಪೇಟೆಯ ಕಡೆ ಬಸ್ಸಿನಲ್ಲಿ ಹೋಗುವಾಗ ಒಂದು ಶಾಲೆಯ ಮೈದಾನದಲ್ಲಿ ಅವರನ್ನು ಕಂಡೆ. ಮಕ್ಕಳಿಗೆ ಡ್ರಮ್ಮು ಕಲಿಸುತ್ತಿದ್ದರು, ಬರಿಗೈಯಲ್ಲಿ. ಮುಂದಿನ ಸ್ಟಾಪಿನಲ್ಲಿ ಇಳಿದು ಗೇಟಿನವರೆಗೆ ನಡೆದು ಹೋದೆ. ಗೇಟಿನಿಂದ ವಾಪಸು ಬಂದೆ.

ಇನ್ನೊಂದು ಸಲ ಅವರೇ ಸಿಕ್ಕಿದರು. ಯಾರದೋ ಮದುವೆಗೆ ನಮ್ಮ ಛತ್ರಕ್ಕೇ ಬಂದಿದ್ದರು, ತಲೆ ಪೂರಾ ನೆರೆತಿತ್ತು. ನನ್ನನ್ನು ಹುಡುಕಿಕೊಂಡು ಹಿಂದುಗಡೆ ಬಂದರು.

"ಚೆನ್ನಾಗಿದೀರಾ ಅಕ್ಕಾ? ಅವತ್ತು ಎಲ್ಲಾರೂ ನೋಡ್ತಾ ನಿಂತಿದ್ರು. ನೀವೊಬ್ರೇ ನೋಡಿ, ಒಂದು ಕಡ್ಡಿನಾದ್ರೂ ತಂದುಕೊಟ್ಟೋರು."

ವ್ಯಂಗ್ಯವೋ ಅಂತ ಮುಖ ನೋಡಿದೆ. ಅಲ್ಲ. ಇಷ್ಟು ವರ್ಷ ಆ ಮನುಷ್ಯ ಅದನ್ನು ಉಪಕಾರ ಅಂತ ತಿಳಿದುಕೊಂಡಿದ್ದ. ಟ್ರಂಕು ಹತ್ತು ಹೆಜ್ಜೆಯಲ್ಲಿತ್ತು. ನಾನು "ಇರ್ಲಿ ಬಿಡಿ ಮೇಷ್ಟ್ರೇ, ಊಟ ಆಯ್ತಾ?" ಅಂದೆ. ಊಟಕ್ಕೆ ಕೂರಿಸಿ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದೆ.

ಅವರು ತೀರಿಕೊಂಡ ಸುದ್ದಿ ಡೋಲಿನವನು ತಂದ. ಯಜಮಾನರು ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡರು. ಮರುವರ್ಷ ಅವರೂ ಹೋದರು. ಟ್ರಂಕು ತೆರೆಯಲು ಇನ್ನು ಹೆದರಬೇಕಾದವರು ಯಾರೂ ಉಳಿಯಲಿಲ್ಲ. ಬಚ್ಚಿಟ್ಟ ವಸ್ತು ದಿನಾ ನೆನಪಾಗುತ್ತದೆ, ದಿನಾ ಬಳಸಿದರೆ ಮರೆತುಹೋಗಬಹುದು ಅಂತ ಲೆಕ್ಕ ಹಾಕಿದೆ. ಹಿಡಿ ಕಿತ್ತು ಹರಳೆಣ್ಣೆ ಸೀಸೆಗೆ ಬಿರಡೆ ಮಾಡಿದೆ. ಕಡ್ಡಿಯ ತುದಿಗೆ ಈಳಿಗೆಯಲ್ಲಿ ಒಂದು ಕಚ್ಚು ಹಾಕಿ, ಲಂಗಕ್ಕೆ ಲಾಡಿ ಏರಿಸಲು ಇಟ್ಟುಕೊಂಡೆ. ಹೆಚ್ಚು ಕಡಿಮೆ ಮರೆತೂ ಹೋಗಿತ್ತು... ಹೋದ ವಾರದವರೆಗೆ.

ಬೆಂಡಿನ ಚೂರುಗಳನ್ನು ಅಂಟಿಸಲು ಬರುವುದಿಲ್ಲ. ಕಾಗದದಲ್ಲಿ ಕಟ್ಟಿ ಕಡ್ಡಿಯ ಪಕ್ಕ ಇಟ್ಟಿದ್ದೇನೆ. ಕೊಡೋಣ ಅಂದರೆ ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಆ ಅರ್ಧಚಂದ್ರದಲ್ಲಿ ಕೂತಿದ್ದವರಲ್ಲಿ ಡೋಲಿನವನೊಬ್ಬ ಇದ್ದಾನೆ, ಅವನಿಗೂ ಈಗ ಕಿವಿ ಕೇಳುವುದಿಲ್ಲ.

ಇವತ್ತು ಬೆಳಗ್ಗೆ ಮೊಮ್ಮಗಳು ಹೊಸ ಪೈಜಾಮ ಹಿಡಿದುಕೊಂಡು ಬಂದಳು. "ಅಜ್ಜಿ, ಲಾಡಿ ಕಡ್ಡಿ ಕೊಡು."

ಡ್ರಾಯರ್ ತೆರೆದೆ, ಮುಚ್ಚಿದೆ.

"ಪಿನ್ನು ತಗೋ" ಅಂದೆ. "ಆ ಕಡ್ಡಿ ನಮ್ದಲ್ಲ."